ಅಪರೂಪದ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಾಗ: ಕಲಬುರಗಿಯೇ ಸಾಕಾ, ಹೈದರಾಬಾದಾ, ಬೆಂಗಳೂರಾ, ಮುಂಬೈಯಾ?

ಕಳೆದ ತಿಂಗಳು ರಾತ್ರಿ ಹತ್ತು ಗಂಟೆಗೆ ಚಿತ್ತಾಪುರದಿಂದ ಫೋನ್ ಬಂತು. ದೂರದ ನೆಂಟರ ಹುಡುಗ. "ಕಾಕಾ, ಅವ್ವನ ರಿಪೋರ್ಟ್ ಬಂದದ. ಸಾರ್ಕೋಮಾ ಅಂತ ಬರ್ದಾರ. ಒಬ್ರು ಹೈದ್ರಾಬಾದ್ ಅಂತಾರ, ಒಬ್ರು ಬೆಂಗಳೂರು ಅಂತಾರ, ಮಾಮಾ ಬಾಂಬೆಗೇ ಒಯ್ಯೂಣು ಅನ್ಲಿಕತ್ತಾನ. ಎಲ್ಲಿಗಿ ಹೋಗಬೇಕು ನೀವೇ ಹೇಳ್ರಿ." ಆಮೇಲೆ ದನಿ ತಗ್ಗಿಸಿ ಇನ್ನೊಂದು ಕೇಳಿದ. "ಎಷ್ಟ್ ದಿನ ಇರ್ತಾಳ್ರಿ ಆಕಿ?"

ಸಾರ್ಕೋಮಾ ಅಂದರೆ ಮಾಂಸ, ಕೊಬ್ಬು, ಮೂಳೆಯಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಭಾವನಿಗೆ ಈ ಕಾಯಿಲೆ ಬಂದ ಮೇಲೆ ನಾಲ್ಕು ಊರಿನ ಆಸ್ಪತ್ರೆಗಳ ಸಾಲಿನಲ್ಲಿ ನಿಂತಿದ್ದೇನೆ. ಆಮೇಲೆ ಬೇರೆ ಮನೆಗಳವರ ಜೊತೆಗೂ ಹೋಗಿದ್ದೇನೆ. ಎಲ್ಲರೂ ಕೇಳುವುದು ಈ ಎರಡೇ ಪ್ರಶ್ನೆ. ಎಲ್ಲಿಗೆ ಹೋಗೋದು? ಎಷ್ಟು ದಿನ? ಈ ಎರಡಕ್ಕೂ ಮುಂಚೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ಅದನ್ನು ನಮಗೆ ಯಾರೂ ಹೇಳಿರಲಿಲ್ಲ.

ನಮ್ಮ ಭಾವನಿಗೆ ತೊಡೆಯಲ್ಲಿ ಗಂಟು ಬಂದಿತ್ತು. ನೋವಿಲ್ಲ. ತೊಗರಿ ರಾಶಿ ಮುಗಿಯಲಿ ಅಂತ ಎರಡು ತಿಂಗಳು ಬಿಟ್ಟರು. ಆಮೇಲೆ ಹತ್ತಿರದ ಒಂದು ದವಾಖಾನೆಯಲ್ಲಿ ಕೊಬ್ಬಿನ ಗಂಟು ಅಂತ ಅರ್ಧ ಗಂಟೆಯಲ್ಲಿ ತೆಗೆದುಬಿಟ್ಟರು. ಎಂಆರ್‌ಐ ಇಲ್ಲ, ಚೂರು ಮಾಂಸ ತೆಗೆದು ಪರೀಕ್ಷಿಸುವ ಬಯಾಪ್ಸಿಯೂ ಇಲ್ಲ. ಮೂರು ವಾರದ ಮೇಲೆ ರಿಪೋರ್ಟ್ ಬಂದಾಗ ಅದು ಸಾರ್ಕೋಮಾ. ಗಂಟಿನ ಸುತ್ತ ಬೇರು ಉಳಿದಿತ್ತು. ಎರಡನೇ ಸಲ ದೊಡ್ಡ ಆಪರೇಷನ್ ಆಯಿತು. ಮೊದಲೇ ಸರಿಯಾಗಿ ಮಾಡಿದ್ದರೆ ಉಳಿಯುತ್ತಿದ್ದ ಸ್ನಾಯುವನ್ನೂ ತೆಗೆಯಬೇಕಾಯಿತು. ಭಾವ ಈಗ ಹೊಲಕ್ಕೆ ಹೋಗುತ್ತಾರೆ, ಕಾಲು ಸ್ವಲ್ಪ ಎಳೆಯುತ್ತಾರೆ. ಆ ಅರ್ಧ ಗಂಟೆ ನೆನಪಾದಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಊರುಗಳನ್ನು ಹೋಲಿಸುವ ಮುಂಚೆ, ಯಾವ ಅಳತೆಯಿಂದ ಹೋಲಿಸಬೇಕು ಅನ್ನೋದನ್ನು ಹೇಳುತ್ತೇನೆ.

ಮೊದಲು ಅಳತೆ

ಅಪರೂಪ ಅಂದರೆ ಎಷ್ಟು? ಯುರೋಪಿನ ಲೆಕ್ಕದಲ್ಲಿ, ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಆರಕ್ಕಿಂತ ಕಡಿಮೆ ಮಂದಿಗೆ ಬರುವ ಕ್ಯಾನ್ಸರ್. ಒಂದೊಂದೂ ಅಪರೂಪ. ಎಲ್ಲ ಕೂಡಿಸಿದರೆ ಅಲ್ಲಿನ ಒಟ್ಟು ಕ್ಯಾನ್ಸರ್‌ಗಳಲ್ಲಿ ಸುಮಾರು ಐದರಲ್ಲೊಂದು ಇಂಥದೇ. ಅಲ್ಲಿ ಸಾಮಾನ್ಯ ಕ್ಯಾನ್ಸರ್ ಬಂದವರಲ್ಲಿ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 65. ಅಪರೂಪದ್ದು ಬಂದವರಲ್ಲಿ ಸುಮಾರು 47. ಈ ಅಂತರಕ್ಕೆ ಕಾಯಿಲೆ ಕೆಟ್ಟದು ಅನ್ನೋದೊಂದೇ ಕಾರಣ ಅಲ್ಲ. ಹೆಸರು ಗೊತ್ತಾಗೋದು ತಡವಾಗುತ್ತದೆ. ನೋಡಿದ ಡಾಕ್ಟರಿಗೆ ಅದು ಜೀವಮಾನದಲ್ಲಿ ಎರಡನೆಯದೋ ಮೂರನೆಯದೋ ಆಗಿರುತ್ತದೆ.

ಹಾಗಾಗಿ ಮೊದಲ ಅಳತೆ: ಕಾಯಿಲೆಯ ಹೆಸರು ಖಾತ್ರಿಯಾಗಿದೆಯಾ? ನಮಗೆ ಯಾರೂ ಹೇಳದ ಪ್ರಶ್ನೆ ಇದೇ. ಮೆತ್ತನೆ ಮಾಂಸದಲ್ಲಿ ಬರುವ ಸಾರ್ಕೋಮಾ ಒಂದರಲ್ಲೇ ಎಪ್ಪತ್ತಕ್ಕೂ ಜಾಸ್ತಿ ಬಗೆಗಳಿವೆ. ಫ್ರಾನ್ಸ್ ಮತ್ತು ಇಟಲಿಯಲ್ಲಿ ಸಾವಿರದ ನಾಲ್ಕು ನೂರಕ್ಕೂ ಹೆಚ್ಚು ಸಾರ್ಕೋಮಾ ರೋಗಿಗಳ ಸ್ಲೈಡ್‌ಗಳನ್ನು, ಅಂದರೆ ಗಂಟಿನ ತೆಳು ಚೂರು ಕೂರಿಸಿದ ಗಾಜುಗಳನ್ನು, ಅದರಲ್ಲೇ ಪಳಗಿದ ತಜ್ಞರಿಂದ ಮತ್ತೆ ಓದಿಸಿದರು. ಮೊದಲ ರಿಪೋರ್ಟ್ ಪೂರ್ತಿ ಸರಿ ಇದ್ದದ್ದು ನೂರಕ್ಕೆ 56 ಮಂದಿಯದು ಮಾತ್ರ. ನೂರಕ್ಕೆ ಎಂಟು ಮಂದಿಯದು ಪೂರ್ತಿ ಬೇರೆಯೇ ಆಗಿತ್ತು. ಯುರೋಪಿನಲ್ಲೇ ಹೀಗೆ. ಹೆಸರು ತಪ್ಪಾದರೆ ಮುಂದಿನ ಔಷಧಿ, ಆಪರೇಷನ್, ಖರ್ಚು ಎಲ್ಲ ತಪ್ಪು ದಾರಿ ಹಿಡಿಯುತ್ತವೆ.

ಎರಡನೇ ಅಳತೆ: ಮೊದಲ ಆಪರೇಷನ್ ಯಾರು ಮಾಡುತ್ತಾರೆ? ಸಾರ್ಕೋಮಾದಂಥದಕ್ಕೆ ಮೊದಲ ಕತ್ತರಿಯೇ ದೊಡ್ಡ ಕತ್ತರಿ. ಐದು ಸೆಂಟಿಮೀಟರಿಗಿಂತ ದೊಡ್ಡ ಗಂಟು, ಬೆಳೆಯುತ್ತಿರುವ ಗಂಟು, ಸ್ನಾಯುವಿನ ಆಳದಲ್ಲಿ ಕೂತ ಗಂಟು, ಇವುಗಳಲ್ಲಿ ಯಾವುದಿದ್ದರೂ ಮೊದಲು ಎಂಆರ್‌ಐ, ಆಮೇಲೆ ದಪ್ಪ ಸೂಜಿಯ ಬಯಾಪ್ಸಿ, ಆಮೇಲೆ ಆಪರೇಷನ್. ಬಯಾಪ್ಸಿ ಸೂಜಿ ಹೋದ ದಾರಿಯನ್ನೂ ಆಪರೇಷನ್ ವೇಳೆ ತೆಗೆಯಬೇಕಾಗಬಹುದು. ಅದಕ್ಕೆ ಸೂಜಿ ಎಲ್ಲಿ ಚುಚ್ಚಬೇಕು ಅನ್ನೋದನ್ನೂ ಆಪರೇಷನ್ ಮಾಡುವವರೇ ಹೇಳೋದು ಒಳ್ಳೆಯದು. "ಸಣ್ಣ ಗಂಟು, ಸುಮ್ನೆ ತೆಗೆದುಬಿಡೋಣ" ಅಂದರೆ ಒಂದು ದಿನ ತಡೆಯಿರಿ ಅಂತ ಕೈ ಮುಗಿದು ಕೇಳುತ್ತೇನೆ.

ಮೂರನೆಯದು ಗುರಿ. ಪೂರ್ತಿ ವಾಸಿ ಮಾಡುವ ಚಿಕಿತ್ಸೆಯಾ, ಕಾಯಿಲೆಯನ್ನು ಹಿಡಿದಿಟ್ಟು ವರ್ಷಗಳನ್ನು ಕೊಡುವ ಚಿಕಿತ್ಸೆಯಾ, ಇಲ್ಲಾ ನೋವು ಕಡಿಮೆ ಮಾಡುವ ಚಿಕಿತ್ಸೆಯಾ? ಡಾಕ್ಟರನ್ನು ನೇರವಾಗಿ ಕೇಳಿ. ಎಷ್ಟು ದೂರ ಹೋಗಬೇಕು ಅನ್ನೋದು ಇದರ ಮೇಲೆ ನಿಂತಿದೆ.

ಉಳಿದದ್ದು ದುಡ್ಡು, ದಿನಗಳು, ಜೊತೆಗಿರುವ ಮನುಷ್ಯ. ಕೀಮೋ, ಅಂದರೆ ಕ್ಯಾನ್ಸರ್ ಔಷಧಿ ಏರಿಸೋದು, ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಹಲವು ಸುತ್ತು. ರೇಡಿಯೇಷನ್, ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಅದು ವಾರಕ್ಕೆ ಐದು ದಿನದಂತೆ ಐದಾರು ವಾರ. ಆಪರೇಷನ್‌ಗೆ ಒಂದು ಸಲ ದೂರ ಹೋಗಿ ಬರಬಹುದು. ಐದಾರು ವಾರ ಬೇರೆ ಊರಲ್ಲಿ ರೂಮು ಮಾಡಿಕೊಂಡು ಇರೋದು ಬೇರೆ ಲೆಕ್ಕ. ಆಸ್ಪತ್ರೆ ಬಿಲ್ಲು ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಹೋದರೂ ಊಟ, ರೂಮು, ಆಟೋ, ಹೋದ ಕೂಲಿ ಇವೆಲ್ಲ ಜೇಬಿನಿಂದಲೇ ಹೋಗುತ್ತವೆ.

ಎಷ್ಟು ದಿನ ಅನ್ನೋ ಪ್ರಶ್ನೆ

ಇದಕ್ಕೆ ಒಂದೇ ಉತ್ತರ ಇಲ್ಲ. ಅಪರೂಪದ ಕ್ಯಾನ್ಸರ್ ಅನ್ನೋದು ಒಂದು ಕಾಯಿಲೆ ಅಲ್ಲ, ಸುಮಾರು ಇನ್ನೂರು ಕಾಯಿಲೆಗಳ ಮೂಟೆ. ಅದರಲ್ಲಿ ಸುಲಭವಾಗಿ ವಾಸಿಯಾಗುವುದೂ ಇದೆ, ಬಹಳ ಕಠಿಣವಾದದ್ದೂ ಇದೆ.

ಗರ್ಭಪಾತವಾದ ಮೇಲೆ, ಅದರಲ್ಲೂ ದ್ರಾಕ್ಷಿ ಗೊಂಚಲಿನಂಥ ಗರ್ಭ ಆದ ಮೇಲೆ, ಕೆಲವು ಹೆಣ್ಣುಮಕ್ಕಳಿಗೆ ಮಾಸಿನ ಭಾಗದಿಂದಲೇ ಒಂದು ಕ್ಯಾನ್ಸರ್ ಬೆಳೆಯುತ್ತದೆ. ಕೋರಿಯೋಕಾರ್ಸಿನೋಮಾ ಆ ಗುಂಪಿನದು. ಶ್ವಾಸಕೋಶಕ್ಕೆ ಹರಡಿದ್ದರೂ ಬಹಳ ಸಲ ವಾಸಿಯಾಗುತ್ತದೆ. ಅಪಾಯ ಕಡಿಮೆ ಇರುವ ಗುಂಪಿನಲ್ಲಿ ಹತ್ತಿರ ಹತ್ತಿರ ನೂರಕ್ಕೆ ನೂರು. 1956ರಲ್ಲಿ ಅಮೆರಿಕದಲ್ಲಿ ಮೆಥೋಟ್ರೆಕ್ಸೇಟ್ ಎಂಬ ಔಷಧಿಯಿಂದಲೇ ಇದನ್ನು ಗುಣ ಮಾಡಿ ತೋರಿಸಿದರು. ಇವತ್ತಿಗೂ ಅದೇ ಔಷಧಿ, ಅಗ್ಗದ್ದು.

ಗಂಡಸರ ವೃಷಣದ ಕ್ಯಾನ್ಸರ್ ಕೂಡ ಹಾಗೆ. ಹುಡುಗರಿಗೆ ಬರುತ್ತದೆ, ನಾಚಿಕೆಯಿಂದ ಮುಚ್ಚಿಡುತ್ತಾರೆ. ಸಿಸ್‌ಪ್ಲಾಟಿನ್ ಎಂಬ ಔಷಧಿ ಬಂದ ಮೇಲೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ವಾಸಿಯಾಗುತ್ತಾರೆ. ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ ಬೇಗ ಹಿಡಿದರೆ ಮುಂದುವರಿದ ದೇಶಗಳಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಮಕ್ಕಳು ಬದುಕುತ್ತಾರೆ. ಫೋಟೋದಲ್ಲಿ ಕೂಸಿನ ಕಣ್ಣ ಪಾಪೆ ಬೆಳ್ಳಗೆ ಹೊಳೆದರೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಒಯ್ಯಿರಿ.

ನಡುವಿನ ಗುಂಪಿನದು ಮೂಳೆಯ ಆಸ್ಟಿಯೋಸಾರ್ಕೋಮಾ. ಹದಿವಯಸ್ಸಿನ ಮಕ್ಕಳಿಗೆ, ಹೆಚ್ಚಾಗಿ ಮೊಣಕಾಲ ಹತ್ತಿರ. ಬರೀ ಆಪರೇಷನ್ ಮಾಡುತ್ತಿದ್ದ ಕಾಲದಲ್ಲಿ ನೂರಕ್ಕೆ ಇಪ್ಪತ್ತು ಮಕ್ಕಳೂ ಉಳಿಯುತ್ತಿರಲಿಲ್ಲ. ಕೀಮೋ ಸೇರಿದ ಮೇಲೆ, ಹರಡದೆ ಇದ್ದಾಗ, ಆ ಸಂಖ್ಯೆ ಅರವತ್ತು ಎಪ್ಪತ್ತಕ್ಕೆ ಏರಿದೆ. ಶ್ವಾಸಕೋಶಕ್ಕೆ ಹರಡಿದ್ದರೆ ಮತ್ತೆ ಇಪ್ಪತ್ತು ಮೂವತ್ತಕ್ಕೆ ಇಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಆಟದಲ್ಲಿ ಬಿದ್ದದ್ದು ಅಂತ ಎಣ್ಣೆ ತಿಕ್ಕಿಸಿ, ನಾಟಿ ಕಟ್ಟಿಸಿ ಮೂರು ತಿಂಗಳು ಕಳೆಯುತ್ತೇವೆ. ರಾತ್ರಿ ಎಬ್ಬಿಸುವ ಮೊಣಕಾಲ ನೋವು, ಇಳಿಯದ ಬಾವು ಇದ್ದರೆ ಒಂದು ಎಕ್ಸ್‌ರೇ ತೆಗೆಸಿ. ಬಹಳ ಅಂದರೆ ನಾಲ್ಕೈದು ನೂರು ರೂಪಾಯಿ.

ಗುಳಿಗೆಯಿಂದಲೇ ಲೆಕ್ಕ ಬದಲಾದ ಕಾಯಿಲೆಗಳೂ ಇವೆ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್, ಹೊಟ್ಟೆ ಕರುಳಿನ ಗೋಡೆಯ ಜಿಸ್ಟ್ ಎಂಬ ಗೆಡ್ಡೆ, ಎರಡಕ್ಕೂ ಇಮಾಟಿನಿಬ್ ಎಂಬ ಗುಳಿಗೆ ಕೆಲಸ ಮಾಡುತ್ತದೆ. ಹರಡಿದ ಜಿಸ್ಟ್ ಬಂದವರು ಮೊದಲು ಹೆಚ್ಚಾಗಿ ಒಂದೂವರೆ ವರ್ಷ ಇರುತ್ತಿದ್ದರು. ಗುಳಿಗೆ ಬಂದ ಮೇಲೆ ಅರ್ಧದಷ್ಟು ಜನ ಐದು ವರ್ಷದ ಹತ್ತಿರ ಬಂದರು. ಸಿಎಂಎಲ್‌ನಲ್ಲಂತೂ ಗುಳಿಗೆ ತಪ್ಪಿಸದವರು ಬೇರೆಯವರಷ್ಟೇ ಕಾಲ ಬದುಕುವ ಮಟ್ಟಕ್ಕೆ ಬಂದಿದ್ದಾರೆ. ಹೊರದೇಶದ ಕಂಪನಿಯ ಗುಳಿಗೆ ತಿಂಗಳಿಗೆ ಲಕ್ಷ ದಾಟುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದರ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿತು. ಹಾಗಾಗಿ ಹೈದರಾಬಾದಿನ ಕಂಪನಿಗಳು ಮಾಡುವ ಅಗ್ಗದ ಗುಳಿಗೆ ನಮ್ಮವರಿಗೆ ಸಿಗುತ್ತಿದೆ.

ಕಠಿಣವಾದದ್ದನ್ನೂ ಹೇಳಲೇಬೇಕು. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಕ್ಯಾನ್ಸರ್ ಹರಡಿದ್ದರೆ, ಆಸ್ಬೆಸ್ಟಾಸ್ ಧೂಳಿನಿಂದ ಬರುವ ಮೆಸೊಥೀಲಿಯೋಮಾ ಆಗಿದ್ದರೆ, ಇವತ್ತಿಗೂ ಹೆಚ್ಚಿನವರಿಗೆ ಸಿಗುವುದು ಒಂದೆರಡು ವರ್ಷ. ಹಾರ್ಮೋನ್ ಮಾಡುವ ಕೋಶಗಳಿಂದ ಬರುವ ನ್ಯೂರೋಎಂಡೋಕ್ರೈನ್ ಗೆಡ್ಡೆಯಲ್ಲಿ ಎರಡು ತುದಿಯೂ ಇದೆ. ನಿಧಾನವಾಗಿ ಬೆಳೆಯುವ ಜಾತಿಯದಾದರೆ ಹರಡಿದ ಮೇಲೂ ಹಲವು ವರ್ಷ ಬದುಕುವವರಿದ್ದಾರೆ. ಜೋರಾದ ಜಾತಿ ಬೇಗ ಒಯ್ಯುತ್ತದೆ. ನಟ ಇರ್ಫಾನ್ ಖಾನ್ 2018ರಲ್ಲಿ ತಮಗೆ ಈ ಕಾಯಿಲೆ ಇದೆ ಅಂತ ಹೇಳಿದರು, 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದಕ್ಕೇ ರಿಪೋರ್ಟಿನಲ್ಲಿ ಗ್ರೇಡ್ ಅಂತ, ಅಂದರೆ ಗೆಡ್ಡೆ ಎಷ್ಟು ಜೋರಿನದು ಅಂತ, ಬರೆದದ್ದನ್ನು ತಪ್ಪದೆ ಕೇಳಿ.

ಇನ್ನೊಂದು ಮಾತು. "ಅರ್ಧ ಜನ ಎಂಟು ತಿಂಗಳು" ಅಂದರೆ ನಿಮಗೆ ಎಂಟೇ ತಿಂಗಳು ಅಂತಲ್ಲ. ಇನ್ನರ್ಧ ಜನ ಅದರಾಚೆ ಇರುತ್ತಾರೆ, ಕೆಲವರು ಬಹಳ ಆಚೆ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೆಸೊಥೀಲಿಯೋಮಾ ಬಂದಾಗ ಪುಸ್ತಕದ ಲೆಕ್ಕ ಎಂಟು ತಿಂಗಳಿತ್ತು. ಅವರು ಇಪ್ಪತ್ತು ವರ್ಷ ಬದುಕಿದರು. ಎಲ್ಲರಿಗೂ ಹಾಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇಂಟರ್ನೆಟ್‌ನಲ್ಲಿ ಸಿಕ್ಕ ಒಂದು ಸಂಖ್ಯೆ ನೋಡಿ ಮನೆಯಲ್ಲಿ ಒಲೆ ಹಚ್ಚೋದು ಬಿಡಬೇಡಿ ಅಂತ ಹೇಳುತ್ತಿದ್ದೇನೆ.

ಈಗ ಊರುಗಳು

ಕಲಬುರಗಿಯಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಇಲ್ಲಿದೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್ ಇದೆ, ಸೇಡಂ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಬೀದರಿಗೆ ಬ್ರಿಮ್ಸ್, ಯಾದಗಿರಿಗೆ ಯಿಮ್ಸ್. ಇಲ್ಲಿನ ದೊಡ್ಡ ಅನುಕೂಲ ಅಂದರೆ ರೋಗಿ ತನ್ನ ಮನೆಯಲ್ಲಿ ಮಲಗಬಹುದು, ಜೋಳದ ರೊಟ್ಟಿ ತಿನ್ನಬಹುದು. ಹೆಸರು ಖಾತ್ರಿಯಾಗಿ, ಯಾವ ಔಷಧಿ ಎಷ್ಟು ಅಂತ ಬರೆದುಕೊಟ್ಟ ಮೇಲೆ ಕೀಮೋ ಕೊಡಲು, ನಡುವೆ ಜ್ವರ ಬಂದರೆ ನೋಡಲು, ರಕ್ತ ಪರೀಕ್ಷೆಗೆ ಇಲ್ಲಿ ಸಾಕು. ಸಿಎಂಎಲ್ ಗುಳಿಗೆ, ಅಪಾಯ ಕಡಿಮೆ ಇರುವ ಮಾಸಿನ ಕ್ಯಾನ್ಸರಿನ ಇಂಜೆಕ್ಷನ್ ಮತ್ತು ವಾರ ವಾರದ ಹಾರ್ಮೋನ್ ಪರೀಕ್ಷೆ, ಇಂಥದಕ್ಕೆ ಪೂರ್ತಿ ಚಿಕಿತ್ಸೆಯೇ ಇಲ್ಲಿ ಆಗಬಹುದು. ಸಾರ್ಕೋಮಾ ಆಪರೇಷನ್, ಮಕ್ಕಳ ಮೂಳೆ ಗೆಡ್ಡೆ, ಸ್ಲೈಡ್ ಮತ್ತೆ ಓದಿಸುವುದು, ಇವುಗಳಿಗೆ ಮಾತ್ರ ನಾನು ಹೊರಗೆ ಹೋಗಿ ಅಂತಲೇ ಹೇಳುತ್ತೇನೆ. ಇಲ್ಲಿನ ಡಾಕ್ಟರುಗಳು ಕಡಿಮೆ ಅಂತಲ್ಲ. ವರ್ಷಕ್ಕೆ ನೂರಾರು ಇಂಥದೇ ಗೆಡ್ಡೆ ನೋಡುವ ಕೈ ಬೇರೆ, ಎರಡು ಮೂರು ನೋಡುವ ಕೈ ಬೇರೆ.

ಹೈದರಾಬಾದ್ ಬೀದರಿನವರಿಗೆ ಸುಮಾರು 140 ಕಿಲೋಮೀಟರ್, ಬೆಳಿಗ್ಗೆ ಹೋಗಿ ರಾತ್ರಿಗೆ ಮನೆ. ಯಾದಗಿರಿ, ಕಲಬುರಗಿಯವರಿಗೂ ನಾಲ್ಕೈದು ಗಂಟೆ. ಮಾತಿಗೂ ತೊಂದರೆಯಿಲ್ಲ. ರೆಡ್ ಹಿಲ್ಸ್‌ನ ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ 1955ರದು. ನಾಂಪಲ್ಲಿ ಸ್ಟೇಷನ್ನಿಂದ ಆಟೋದಲ್ಲಿ ಸ್ವಲ್ಪವೇ ದೂರ. ಬಂಜಾರಾ ಹಿಲ್ಸ್‌ನ ಬಸವತಾರಕಂ ಆಸ್ಪತ್ರೆ ಟ್ರಸ್ಟಿನದು, ಪಂಜಾಗುಟ್ಟದಲ್ಲಿ ನಿಮ್ಸ್ ಆಸ್ಪತ್ರೆ ಇದೆ. ಕೂಸಿನ ಕಣ್ಣಿನ ಕ್ಯಾನ್ಸರ್ ಆದರೆ ಬೇರೆ ಯೋಚನೆಯೇ ಬೇಡ, ಎಲ್‌.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಗೆ ನೇರ ಹೋಗಿ. ದೇಶದಲ್ಲೇ ಈ ಕಾಯಿಲೆಗೆ ಹೆಸರಾದ ಜಾಗ ಅದು.

ಹೈದರಾಬಾದಿನ ತೊಡಕು ಕಾರ್ಡಿನದು. ತೆಲಂಗಾಣದ ಆರೋಗ್ಯಶ್ರೀ ಯೋಜನೆ ಆ ರಾಜ್ಯದವರಿಗೆ. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಎಲ್ಲರದೂ ಹೊರರಾಜ್ಯದಲ್ಲಿ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ಮನೆತನದ ಹೆಸರು ಇದ್ದರೆ ನಡೆಯುತ್ತದೆ. ಹೋಗುವ ಮುಂಚೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಕೇಳಿ. ಅಲ್ಲಿನ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲೂ ಕೇಳಿ. ಅಡ್ಮಿಟ್ ಆದ ಮೇಲೆ ಕಾರ್ಡ್ ತೆಗೆದು, ನಡೆಯಲ್ಲ ಅಂತ ಗೊತ್ತಾಗಿ ಎರಡು ಎಕರೆ ಮಾರಿದ ಮನೆಯನ್ನು ನಾನು ನೋಡಿದ್ದೇನೆ.

ಬೆಂಗಳೂರಿನ ಅನುಕೂಲವೂ ಕಾರ್ಡೇ. 1973ರಲ್ಲಿ ಶುರುವಾದ ಕಿದ್ವಾಯಿ ನಮ್ಮದೇ ರಾಜ್ಯದ ಆಸ್ಪತ್ರೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಸರ್ಕಾರ ಗೊತ್ತು ಮಾಡಿದ ದರದ ಶೇಕಡ 30ರಂತೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಯೋಜನೆ ಕೊಡುತ್ತದೆ. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಚೀಟಿ ಕೈಯಲ್ಲಿದ್ದರೆ ಅಲ್ಲಿ ಅರ್ಧ ತಲೆನೋವು ಕಡಿಮೆ. ಕನ್ನಡದಲ್ಲೇ ಮಾತಾಡಬಹುದು. ಅವ್ವ ಅಕ್ಕಂದಿರಿಗೆ ಇದು ಸಣ್ಣ ಮಾತಲ್ಲ. ಕಲಬುರಗಿ ಶಾಖೆಗೂ ಬೆಂಗಳೂರಿಗೂ ಒಂದೇ ಸಂಸ್ಥೆ ಆದ್ದರಿಂದ ಅಲ್ಲಿ ಬರೆದದ್ದನ್ನು ಇಲ್ಲಿ ಮುಂದುವರಿಸಲು ಕೇಳೋದೂ ಸುಲಭ. ಮೆದುಳಿನ ಗೆಡ್ಡೆ ಆದರೆ ಪಕ್ಕದಲ್ಲೇ ನಿಮ್ಹಾನ್ಸ್ ಇದೆ. ಕಷ್ಟ ಅಂದರೆ ದೂರ. ಸುಮಾರು ಆರು ನೂರು ಕಿಲೋಮೀಟರ್, ಒಂದು ರಾತ್ರಿ. ಜನಜಂಗುಳಿ ಜಾಸ್ತಿ, ತಾರೀಖು ಸಿಗಲು ಕಾಯಬೇಕು.

ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ 1941ರಲ್ಲಿ ಪರೇಲ್‌ನಲ್ಲಿ ಶುರುವಾಯಿತು. ಅಪರೂಪದ ಕ್ಯಾನ್ಸರಿಗೆ ಅದರ ಹೆಚ್ಚುಗಾರಿಕೆ ಒಂದೇ ಮಾತಲ್ಲಿ ಹೇಳಬಹುದು. ಅಲ್ಲಿ ಅಂಗಕ್ಕೊಂದು ತಂಡ ಇದೆ. ಮೂಳೆ ಮತ್ತು ಮೆತ್ತನೆ ಮಾಂಸದ ಗೆಡ್ಡೆಗೆ ಬೇರೆಯೇ ತಂಡ. ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್, ಸ್ಲೈಡ್ ಓದುವವರು ಎಲ್ಲ ಕೂತು ಒಬ್ಬ ರೋಗಿಯ ಬಗ್ಗೆ ಮಾತಾಡುತ್ತಾರೆ. ಒಬ್ಬ ಹುಡುಗನ ಕಾಲು ಉಳಿಸಬಹುದಾ, ತೆಗೆಯಬೇಕಾ ಅನ್ನುವಂಥ ಪ್ರಶ್ನೆಗೆ ಇಂಥ ಕೂಟದ ಉತ್ತರವೇ ನನಗೆ ಧೈರ್ಯ ಕೊಡುತ್ತದೆ. ಜನರಲ್ ಮತ್ತು ಪ್ರೈವೇಟ್ ಅಂತ ಎರಡು ಬಗೆಯ ಫೈಲ್, ಅಂದರೆ ನೋಂದಣಿ, ಇದೆ. ಜನರಲ್‌ನಲ್ಲಿ ಖರ್ಚು ಬಹಳ ಕಡಿಮೆ, ಕಾಯೋದು ಜಾಸ್ತಿ. ನೋಡುವ ತಂಡ ಅದೇ.

ಮುಂಬೈ ಅಂದರೆ ಜನ ಹೆದರೋದು ಇರುವ ಜಾಗಕ್ಕೆ. ದಾದರಿನಲ್ಲಿ ಗಾಡಗೆ ಮಹಾರಾಜ ಧರ್ಮಶಾಲೆ ಇದೆ, ಟಾಟಾ ರೋಗಿಗಳು ಬಹಳ ಮಂದಿ ಅಲ್ಲೇ ಉಳಿಯುತ್ತಾರೆ. ಜಾಗ ಸಿಗಲು ಆಸ್ಪತ್ರೆಯ ಚೀಟಿ ಬೇಕು. ಹೋದ ದಿನವೇ ಅಲ್ಲಿನ ಸಮಾಜ ಸೇವಾ ವಿಭಾಗವನ್ನು ಕೇಳಿ. ಕಲಬುರಗಿಯಿಂದ ಹುಸೇನ್‌ಸಾಗರ್, ಉದ್ಯಾನ್ ರೈಲುಗಳಿವೆ, ಬೀದರಿನಿಂದಲೂ ರೈಲಿದೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವವರಿಗೆ ಶೇಕಡ 75 ರಿಯಾಯಿತಿ. ಆಸ್ಪತ್ರೆಯವರು ರೈಲ್ವೆ ಫಾರ್ಮ್ ತುಂಬಿಕೊಡಬೇಕು. ಇದನ್ನು ಕೇಳದೆ ಪೂರ್ತಿ ದುಡ್ಡು ಕೊಟ್ಟು ಹೋಗುವವರೇ ಹೆಚ್ಚು.

ಆಳಂದ, ಅಫಜಲಪುರ, ಬಸವಕಲ್ಯಾಣದ ಕಡೆಯವರು ಸೊಲ್ಲಾಪುರ ಜಿಲ್ಲೆಯನ್ನು ಮರೆಯಬೇಡಿ. ಬಾರ್ಶಿಯಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಇದೆ, ಹಳ್ಳಿಯವರಿಗೆಂದೇ ಕಟ್ಟಿದ್ದು. ಟಾಟಾದಲ್ಲಿ ಬರೆಸಿಕೊಂಡ ರೇಡಿಯೇಷನ್ ಅಥವಾ ಕೀಮೋವನ್ನು ಹತ್ತಿರದಲ್ಲಿ ಮುಗಿಸಲು ಇಂಥ ಕಡೆ ಆಗುತ್ತದಾ ಅಂತ ವಿಚಾರಿಸಿ.

ಹೋಗದೆಯೇ ಹೋಗುವ ದಾರಿ

ಜನರಿಗೆ ಗೊತ್ತಿಲ್ಲದ ಆಯ್ಕೆ ಇದು. ರೋಗಿ ಹೋಗಬೇಕಿಲ್ಲ, ಬ್ಲಾಕ್ ಹೋದರೆ ಸಾಕು. ಬಯಾಪ್ಸಿ ಮಾಡಿದಾಗ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿಡುತ್ತಾರೆ. ಅದೇ ಬ್ಲಾಕ್. ಸಣ್ಣ ಪ್ಲಾಸ್ಟಿಕ್ ಡಬ್ಬಿಯಷ್ಟೇ ಇರುತ್ತದೆ. ಬರೆದುಕೊಟ್ಟು ಕೇಳಿದರೆ ಲ್ಯಾಬಿನವರು ಸಾಮಾನ್ಯವಾಗಿ ಕೊಡುತ್ತಾರೆ. ಮೂಲ ಬ್ಲಾಕ್ ಕೊಡಲು ಒಪ್ಪದಿದ್ದರೆ ಬಣ್ಣ ಹಾಕದ ಸ್ಲೈಡ್‌ಗಳನ್ನು ಕೇಳಿ. ಮಗನೋ ಅಳಿಯನೋ ಒಬ್ಬರೇ ಬ್ಲಾಕ್, ಸ್ಲೈಡ್, ರಿಪೋರ್ಟಿನ ನಕಲು, ಎಂಆರ್‌ಐ ಸಿಡಿ ಹಿಡಿದು ಟಾಟಾಗೋ ಕಿದ್ವಾಯಿಗೋ ಹೋಗಿ ಮತ್ತೆ ಓದಿಸಿಕೊಂಡು ಬರಬಹುದು. ಬಿಸಿಲಲ್ಲಿ ಮೇಣ ಕರಗುತ್ತದೆ, ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.

ಇನ್ನು ಆನ್‌ಲೈನ್. ದೇಶದ ಕ್ಯಾನ್ಸರ್ ಆಸ್ಪತ್ರೆಗಳು ಸೇರಿ 2012ರಲ್ಲಿ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಅಂತ ಕೂಟ ಮಾಡಿಕೊಂಡಿವೆ. ಟಾಟಾ ಮತ್ತು ಈ ಗ್ರಿಡ್‌ನ ತಜ್ಞರ ಅಭಿಪ್ರಾಯವನ್ನು ನವ್ಯಾ ಎಂಬ ಆನ್‌ಲೈನ್ ಸೇವೆಯಿಂದ ಪಡೆಯಬಹುದು. ರಿಪೋರ್ಟ್‌ಗಳನ್ನು ಕಳಿಸಿದರೆ ಬರವಣಿಗೆಯಲ್ಲಿ ಉತ್ತರ ಬರುತ್ತದೆ. ಆ ಕಾಗದವನ್ನು ಇಲ್ಲಿನ ಡಾಕ್ಟರಿಗೆ ತೋರಿಸಿ. ಬಹಳ ಡಾಕ್ಟರುಗಳು ಸಂತೋಷವಾಗಿಯೇ ಅದರಂತೆ ಮುಂದುವರಿಸುತ್ತಾರೆ.

ಭಾವನ ವಿಷಯದಲ್ಲಿ ನಾವು ಕೊನೆಗೆ ಮಾಡಿದ್ದು ಹೀಗೇ. ಹೆಸರು ಓದಿಸಿದ್ದು, ಎರಡನೇ ಆಪರೇಷನ್ ಮುಂಬೈಯಲ್ಲಿ. ರೇಡಿಯೇಷನ್ ಹತ್ತಿರದಲ್ಲಿ. ಮೂರು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್ ಇಲ್ಲೇ. ಒಂದೇ ಊರನ್ನು ಆರಿಸಬೇಕು ಅಂತ ನಾವು ಜಗಳ ಆಡಿದ ಹದಿನೈದು ದಿನ ಸುಮ್ನೆ ಹೋಯಿತು. ಯಾವ ಕೆಲಸ ಎಲ್ಲಿ ಅಂತ ಹಂಚಿಕೊಂಡಿದ್ದರೆ ಆಗುತ್ತಿತ್ತು.

ಯಾರಿಗೆ ಯಾವುದು

ಕೂಲಿ ಮನೆ, ಬಿಪಿಎಲ್ ಕಾರ್ಡ್, ಕೈಯಲ್ಲಿ ಇಪ್ಪತ್ತು ಸಾವಿರವೂ ಇಲ್ಲ ಅಂದರೆ, ನಾನು ಹೇಳೋದು ಬೆಂಗಳೂರು ಕಿದ್ವಾಯಿ ಮತ್ತು ಕಲಬುರಗಿ ಶಾಖೆಯ ಜೋಡಿ. ಆಪರೇಷನ್ ಅಲ್ಲಿ, ಕೀಮೋ ಇಲ್ಲಿ. ಮಗುವಿನ ಮೂಳೆ ಗೆಡ್ಡೆ, ಕಾಲು ಉಳಿಸುವ ಪ್ರಶ್ನೆ ಇದ್ದರೆ ದುಡ್ಡು ಇಲ್ಲದಿದ್ದರೂ ಟಾಟಾದ ಜನರಲ್ ಫೈಲ್ ಮಾಡಿಸಿ. ಮಕ್ಕಳ ಚಿಕಿತ್ಸೆಗೆ ನೆರವು ಕೊಡುವವರು ಅಲ್ಲಿ ಹೆಚ್ಚು.

ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಇಎಸ್‌ಐ ಕಾರ್ಡ್ ಇರುವವರು ಮೊದಲು ಇಎಸ್‌ಐ ಆಸ್ಪತ್ರೆಯಿಂದ ರೆಫರಲ್ ತೆಗೆದುಕೊಳ್ಳಿ. ಅದನ್ನು ಬಿಟ್ಟು ನೇರ ಖಾಸಗಿಗೆ ಹೋದರೆ ದುಡ್ಡು ವಾಪಸ್ ಸಿಗೋದು ಕಷ್ಟ.

ಸ್ವಲ್ಪ ದುಡ್ಡಿದ್ದು, ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಜೊತೆಗೆ ಹೋಗುವವರು ಒಬ್ಬರೇ ಇದ್ದರೆ ಹೈದರಾಬಾದ್ ಹತ್ತಿರ ಆಗುತ್ತದೆ. ಆದರೆ ಸ್ಲೈಡ್ ಮಾತ್ರ ಇನ್ನೊಂದು ಕಡೆ ಓದಿಸಿ. ಎರಡು ರಿಪೋರ್ಟ್ ಒಂದೇ ಹೇಳಿದರೆ ಮನಸ್ಸು ಹಗುರಾಗುತ್ತದೆ. ಬೇರೆ ಬೇರೆ ಹೇಳಿದರೆ, ಚಿಕಿತ್ಸೆ ಶುರುವಾಗುವ ಮುಂಚೆ ಗೊತ್ತಾಯಿತಲ್ಲ.

ಎಪ್ಪತ್ತೈದು ದಾಟಿದ ಅಜ್ಜಿ, ಕಾಯಿಲೆ ಲಿವರಿಗೂ ಶ್ವಾಸಕೋಶಕ್ಕೂ ಹರಡಿದೆ, ಎದ್ದು ಕೂರಲೂ ಆಗುತ್ತಿಲ್ಲ. ಅವರನ್ನು ಹನ್ನೆರಡು ಗಂಟೆ ಕಾಲ ರೈಲಿನಲ್ಲಿ ಒಯ್ಯಬೇಡಿ ಅಂತಲೇ ನಾನು ಹೇಳುತ್ತೇನೆ. ಬ್ಲಾಕ್ ಕಳಿಸಿ, ಗುಳಿಗೆಯಿಂದ ಹಿಡಿದಿಡುವ ಜಾತಿಯಾ ಅಂತ ನೋಡಿಸಿ. ಅಲ್ಲ ಅಂದರೆ ನೋವು ಕಡಿಮೆ ಮಾಡುವ ಚಿಕಿತ್ಸೆಯೂ ಚಿಕಿತ್ಸೆಯೇ. ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ಗುಳಿಗೆ ಅಗ್ಗ. 2014ರಲ್ಲಿ ಕಾನೂನು ತಿದ್ದಿದ ಮೇಲೆ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳೋದು ಸುಲಭವಾಗಿದೆ. ಎಂಎನ್‌ಜೆಯಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದವರನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಅಜ್ಜಿಯನ್ನೇ ಒಮ್ಮೆ ಕೇಳಿ, "ಅವ್ವಾ, ನಿನಗ ಎಲ್ಲಿರಬೇಕು ಅನಸ್ತದ?" ನಮ್ಮ ಮನೆಗಳಲ್ಲಿ ರೋಗಿಗೆ ಬಿಟ್ಟು ಉಳಿದ ಎಲ್ಲರಿಗೂ ಕಾಯಿಲೆ ಗೊತ್ತಿರುತ್ತದೆ. ಅವರಿಗೂ ಬಹಳ ಸಲ ಗೊತ್ತಿರುತ್ತದೆ, ನಮ್ಮ ಸಲುವಾಗಿ ಸುಮ್ಮನಿರುತ್ತಾರೆ.

ಡಾಕ್ಟರ ಮುಂದೆ ಕೂತಾಗ ತಲೆ ಓಡುವುದಿಲ್ಲ. ಚೀಟಿಯಲ್ಲಿ ಬರೆದುಕೊಂಡು ಹೋಗಿ. ಈ ಕಾಯಿಲೆಯ ಪೂರ್ತಿ ಹೆಸರು, ಗ್ರೇಡ್, ಸ್ಟೇಜ್ (ಎಷ್ಟು ಹರಡಿದೆ) ಏನು? ನಿಮ್ಮಲ್ಲಿ ವರ್ಷಕ್ಕೆ ಇಂಥವರು ಎಷ್ಟು ಜನ ಬರುತ್ತಾರೆ? ಗುರಿ ವಾಸಿ ಮಾಡೋದಾ, ಹಿಡಿದಿಡೋದಾ? ಇದರಲ್ಲಿ ಯಾವ ಭಾಗವನ್ನು ನಮ್ಮೂರಲ್ಲಿ ಮಾಡಿಸಬಹುದು? ಏನೂ ಮಾಡದಿದ್ದರೆ ಏನಾಗುತ್ತದೆ? ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಚಿತ್ತಾಪುರದ ಹುಡುಗನಿಗೆ ಅವತ್ತು ರಾತ್ರಿ ನಾನು ಊರಿನ ಹೆಸರು ಹೇಳಲಿಲ್ಲ. ಬೆಳಿಗ್ಗೆ ಲ್ಯಾಬ್ ತೆಗೆದ ಕೂಡಲೇ ಹೋಗಿ ಬ್ಲಾಕ್ ಕೇಳು ಅಂದೆ. ಅವನ ಮಾಮ ಅದನ್ನು ಊಟದ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟುಕೊಂಡು ಹುಸೇನ್‌ಸಾಗರ್ ಹತ್ತಿದರು. ಹೊಸ ರಿಪೋರ್ಟ್ ಹನ್ನೆರಡು ದಿನಕ್ಕೆ ಬಂತು. ಸಾರ್ಕೋಮಾನೇ, ಆದರೆ ಗ್ರೇಡ್ ಮೊದಲು ಬರೆದದ್ದಕ್ಕಿಂತ ಕಡಿಮೆ. ಆಪರೇಷನ್ ಸಾಕು, ಕೀಮೋ ಬೇಡ ಅಂದರು. ಬರುವ ಸೋಮವಾರ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದಾರೆ. ರೈಲ್ವೆ ಫಾರ್ಮಿಗೆ ನಿನ್ನೆ ಸೀಲ್ ಹಾಕಿಸಿಕೊಂಡು ಬಂದರು.